ಮಧ್ಯದಲ್ಲಿ ನಿಲ್ಲಿಸುವಂತಿಲ್ಲ

ಚಿಲಕ ಹಾಕಿದ್ದ ಬಾಗಿಲನ್ನು ಮಾವ ಮತ್ತೆ ಬಡಿದರು.

"ಏನೇ ಇದು? ಗಂಡು ಬಂದು ಕೆಳಗೆ ಕೂತು ಎಷ್ಟು ಹೊತ್ತಾಯ್ತು! ನೋಂದಣಿ ಕಚೇರಿಯವರು ನಮಗೋಸ್ಕರ ಊಟ ಬಿಟ್ಟು ಕಾಯ್ತಾರಾ?"

"ಸ್ವಲ್ಪ ತಡೀರಿ ಮಾವ. ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನೀಲಿ ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಅಪ್ಪನ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡುವ ಕೆಲಸ ಅದು. ಒಂದು ಪಾಲಿನಲ್ಲಿ ಕಂಪ್ಯೂಟರ್ ನಡೆಸಲು ಅಪ್ಪ ಹಾಕಿದ್ದ ಲಿನಕ್ಸ್ ವ್ಯವಸ್ಥೆ ಇದ್ದ ಹಾಗೇ ಉಳಿಯಬೇಕು. ಖಾಲಿಯಾಗುವ ಇನ್ನೊಂದರಲ್ಲಿ ಹೊಸ ಲಿನಕ್ಸ್ ಕೂರಬೇಕು. ನಡುವೆ ಕಂಪ್ಯೂಟರ್ ಆರಿಹೋದರೆ ಎರಡೂ ಇಲ್ಲ.

ಅಪ್ಪ ವಾರಪತ್ರಿಕೆಯೊಂದಕ್ಕೆ ಪದಬಂಧ ಹೆಣೆಯುತ್ತಿದ್ದರು. ಅದಕ್ಕೆಂದೇ ಒಂದು ಪ್ರೋಗ್ರಾಂ ತಾವೇ ಬರೆದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅವಳು ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ್ದಳು. ಜಪ್ಪಯ್ಯ ಅಂದರೂ ಓಡಲಿಲ್ಲ. ಅದು ಬದುಕಿದ್ದದ್ದು ಈ ಡಿಸ್ಕಿನ ಮೇಲೆ ಮಾತ್ರ.

ಹೊಸ ಲಿನಕ್ಸ್ ಕೆಳಗೆ ಕೂತಿದ್ದವರಿಗೆ. ಅವರು ಸರ್ವೇಯರ್. ಅವರ ನಕ್ಷೆಯ ಕೆಲಸಕ್ಕೆ ಅಪ್ಪನ ಹಳೆಯ ವ್ಯವಸ್ಥೆ ಸಾಲದು. ಇವತ್ತು ಸಂಜೆ ಪೆಟ್ಟಿಗೆ ಸಮೇತ ಈ ಮನೆಗೇ ಬರುವವರು ನಿನ್ನೆ ಊಟದ ಹೊತ್ತಿಗೆ ಸಹಜವಾಗಿ ಅಂದಿದ್ದರು: "ಮೇಲಿನ ಕೋಣೇಲಿ ಹಳೇ ಕಂಪ್ಯೂಟರ್ ಸುಮ್ನೆ ಬಿದ್ದಿದೆಯಲ್ಲ, ಎಲ್ಲಾ ಅಳಿಸಿ ಹೊಸದು ಹಾಕ್ಕೊಂಡುಬಿಡ್ತೀನಿ."

ಅಮ್ಮ ತಟ್ಟೆ ನೋಡುತ್ತಾ ಕೂತಿದ್ದಳು. ಮಗಳಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಎದ್ದವಳೇ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿದ್ದಳು. ಆಮೇಲೆ ಪೆನ್ ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿದಳು. ಕಂಪ್ಯೂಟರ್ ತಾನು ಓಡುತ್ತಿರುವ ಭಾಗವನ್ನೇ ಕುಗ್ಗಿಸಲಾರದಲ್ಲ. ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಆದೀತು ಅಂದುಕೊಂಡಿದ್ದಳು. ಡಿಸ್ಕಿಗೆ ವಯಸ್ಸಾಗಿತ್ತು. ಅದು ತನ್ನ ನಿಧಾನ ಬಿಡಲಿಲ್ಲ.

"ಒಪ್ಪಿಗೆ ಕೊಟ್ಟಿದ್ದು ನೀನೇ ತಾನೇ?" ಈಗ ದೊಡ್ಡಮ್ಮನ ಸರದಿ. "ಹೊರಡೋ ಹೊತ್ತಿಗೆ ಹೀಗೆ ಬಾಗಿಲು ಹಾಕ್ಕೊಂಡ್ರೆ ಆ ಮನುಷ್ಯ ಏನು ತಿಳ್ಕೋಬೇಕು?"

ಉತ್ತರ ಕೊಡುವ ಮೊದಲೇ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಮೇಜಿನ ಕೆಳಗೆ ಯುಪಿಎಸ್ ಕೀಂಯ್ ಕೀಂಯ್ ಎನ್ನತೊಡಗಿತು. ಅದರ ಬ್ಯಾಟರಿ ಎಷ್ಟು ಹೊತ್ತು ತಡೆದೀತೋ ಅವಳಿಗೇ ಗೊತ್ತಿರಲಿಲ್ಲ. ಪಟ್ಟಿ ಇನ್ನೂ ತೆವಳುತ್ತಲೇ ಇತ್ತು.

ಹೊರಗೆ ಹೊಸ ಚಪ್ಪಲಿ ಕಿರುಗುಟ್ಟಿತು. ಅಮ್ಮ.

"ಪುಟ್ಟೀ, ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿಬಿಡು. ಯಾರು ಏನಂತಾರೋ ಅಂತ ನೋಡಬೇಡ. ಎಲ್ಲಾ ನಿಲ್ಲಿಸಿಬಿಡೋಣ."

"ಇಷ್ಟ ಇದೆ ಅಮ್ಮ. ಜಾಗ ಮಾಡ್ತಾ ಇದೀನಿ ಅಷ್ಟೇ."

"ಯಾವ ಜಾಗ?"

"ಬಂದು ಹೇಳ್ತೀನಿ. ಕೆಳಗೆ ಹೋಗು."

ಚಪ್ಪಲಿ ಮೆಟ್ಟಿಲಿಳಿಯಿತು. ಫ್ಯಾನು ಮತ್ತೆ ತಿರುಗಿದಾಗ ಪಟ್ಟಿ ತುದಿ ಮುಟ್ಟಿತ್ತು.

ಹೊಸದನ್ನು ಹಾಕುವಾಗ ಪರದೆ ಮೊಟ್ಟಮೊದಲು ಕೇಳಿದ್ದು ಇಡೀ ಡಿಸ್ಕನ್ನು ಅಳಿಸಲೇ ಎಂದು. ಒಂದೇ ಒತ್ತಿಗೆ ಕೆಲಸ ಸಲೀಸು. ಅವಳು ಬೆರಳು ಹಿಂದಕ್ಕೆ ಎಳೆದುಕೊಂಡಳು. ಖಾಲಿ ಭಾಗವನ್ನು ತಾನೇ ಆರಿಸಿ, ಸರಿಯೇ ಎಂದು ಓದಿ, ಮತ್ತೊಮ್ಮೆ ಓದಿ, ಕಣ್ಣು ಮುಚ್ಚಿ ಒತ್ತಿದಳು.

ಎಲ್ಲ ಮುಗಿದು ಯಂತ್ರ ಮತ್ತೆ ಶುರುವಾದಾಗ ಕಪ್ಪು ಪರದೆಯ ಮೇಲೆ ಯಾವ ಲಿನಕ್ಸ್ ತೆರೆಯಲಿ ಎಂದು ಕೇಳುವ ಎರಡು ಸಾಲು. ಅವಳು ಮೊದಲು ಹಳೆಯದನ್ನು ತೆರೆದಳು. ಅಪ್ಪ ಅರ್ಧಕ್ಕೆ ಬಿಟ್ಟುಹೋದ ಪದಬಂಧ ಖಾಲಿ ಮನೆಗಳ ಸಮೇತ ಹಾಗೇ ಇತ್ತು. ಅಲ್ಲೇ ಕೂತು ಆ ಸಾಲುಗಳಿಗೆ ಹೆಸರು ಕೊಟ್ಟಳು: 'ಅಪ್ಪ', 'ಸರ್ವೇಯರ್'. ಸರಿಯಾಗಿ ಕಾಣುತ್ತದೆಯೇ ಎಂದು ಇನ್ನೊಮ್ಮೆ ಶುರುಮಾಡಿ ನೋಡಿದಳು. ಬಿಕ್ಕು ಬಂತು. ಮುಖ ಒರೆಸಿಕೊಂಡು ಚಿಲಕ ತೆಗೆದಳು.

ಮೆಟ್ಟಿಲ ಮೇಲೆ ಸರ್ವೇಯರ್ ಒಬ್ಬರೇ ನಿಂತಿದ್ದರು. ಹೊಸ ಅಂಗಿಯ ಮಡಿಕೆ ಇನ್ನೂ ಹೋಗಿರಲಿಲ್ಲ.

"ಬೇಡ ಅನ್ನಿಸಿದ್ರೆ ಬೇಡ ಅಂತ ಹೇಳೋಕೆ ಬಂದೆ," ಎಂದರು. "ನಾನು ಬೇಜಾರು ಮಾಡ್ಕೊಳ್ಳಲ್ಲ."

ಅವಳು ಒಳಗೆ ಕರೆದು ಪರದೆ ತೋರಿಸಿದಳು. ಅವರು ಬಾಗಿ ಓದಿದರು. ಮುಖ ಇಳಿದುಹೋಯಿತು.

"ಇದನ್ನೇ ಅಲ್ವಾ ನಾನು ಅಳಿಸ್ತೀನಿ ಅಂದಿದ್ದು? ನನ್ನ ಬಾಯಿಗಿಷ್ಟು!"

"ನಿಮಗೆ ಗೊತ್ತಿರಲಿಲ್ಲ."

"ಗಡಿ ಎಲ್ಲಿ ಹಾಕಿದೀಯ?"

"ನಿಮಗೆ ಅರ್ಧಕ್ಕಿಂತ ಜಾಸ್ತಿನೇ ಬಿಟ್ಟಿದೀನಿ."

"ಸರ್ವೇಯರ್‌ಗೇ ಅಳೆದು ಕೊಟ್ಟೆ ಅನ್ನು!" ಅವರು ನಕ್ಕರು. "ಮೇಲಿನ ಸಾಲು ನಾನು ಮುಟ್ಟಲ್ಲ."

"ಮುಟ್ಟಿ, ಏನಾಗಲ್ಲ. ಪದಬಂಧ ಅರ್ಧಕ್ಕೇ ನಿಂತಿದೆ. ಇಬ್ಬರೂ ಕೂತು ನೋಡೋಣ."

ನೋಂದಣಿ ಕಚೇರಿ ಇನ್ನೂ ತೆರೆದಿತ್ತು. ಮಾವ ಏದುಸಿರು ಬಿಡುತ್ತಾ ಎಲ್ಲರನ್ನೂ ಒಳಗೆ ಅಟ್ಟಿದರು. ಸರ್ವೇಯರ್ ಸಹಿ ಹಾಕಿ ಪಕ್ಕಕ್ಕೆ ಸರಿದರು. ಗುಮಾಸ್ತ ತಲೆಯೆತ್ತದೆ ಕರೆದ: "ವಧು ಮುಂದೆ ಬನ್ನಿ."

ಅವಳು ಅಮ್ಮನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.