ಹಬ್ಬದ ಡ್ರಮ್ಮು

ಆಯುಧಪೂಜೆಗೆ ನಮ್ಮ ಫ್ಯಾಕ್ಟರಿಯಲ್ಲಿ ಬೋನಸ್ ಇಲ್ಲ. ಕೆಮಿಕಲ್ ಖಾಲಿಯಾದ ನೀಲಿ ಡ್ರಮ್ಮುಗಳನ್ನು ಆಳಿಗೊಂದರಂತೆ ಹಂಚುತ್ತಾರೆ, ಮನೆಯಲ್ಲಿ ಕುಡಿಯುವ ನೀರು ತುಂಬಿಟ್ಟುಕೊಳ್ಳಲಿಕ್ಕೆ.

ಮಾಪಣ್ಣನ ಹೆಂಡತಿ ಬಸುರಿ. ತನಗೆ ಸಿಕ್ಕ ಡ್ರಮ್ಮಿನ ಮೇಲಿನ ಚಿತ್ರವನ್ನು ಅವನು ಬಗ್ಗಿ ನೋಡಿದ. ಮನುಷ್ಯನೊಬ್ಬನ ಎದೆ ನಕ್ಷತ್ರದಂತೆ ಬಿರಿದಿತ್ತು. ಸ್ಟೋರಿನ ಗೋಡೆಗೆ ಅಂಟಿಸಿದ್ದ ಸುರಕ್ಷತೆಯ ಹಾಳೆಯಲ್ಲೂ ಅದೇ ಚಿತ್ರ. ಉಳಿದದ್ದೆಲ್ಲ ಇಂಗ್ಲಿಷ್. ಹಾಳೆಯನ್ನು ಕಿತ್ತುಕೊಂಡು ಮ್ಯಾನೇಜರ್ ಹತ್ತಿರ ಹೋದ.

"ಇದರಾಗ ಏನ್ ಬರದಾರ್ರೀ ಸರ?"

"ಏನಿಲ್ಲೋ. ಕಾಯ್ದೆ ಅದಂತ ಅಂಟಸ್ತಾರ."

"ಎದಿ ಒಡದಂಗ ಚಿತ್ರ ಅದಲ್ರಿ?"

"ಅದು ಫಾರಿನ್ ಮಂದಿಗಿ. ನಿನ್ನ ಎದಿ ಒಡಿಯಂಗಿಲ್ಲ ಹೋಗು. ಸಬಕಾರ ಹಚ್ಚಿ ತೊಳದು ನೀರ್ ತುಂಬು."

"ನಿಮ್ಮನ್ಯಾಗ ತುಂಬತೀರೇನ್ರಿ ಸರ?"

"ಯಾಕ ತುಂಬಬಾರದು? ನೀರಿನಂಥ ಮಾಲದು."

"ಹಂಗಾದ್ರ ಚಲೋ ಆಯ್ತ್ರಿ. ಮುಂಜಾನೆ ನಿಮ್ಮನಿಗೊಂದು ಕೊಟ್ಟು ಬಂದೀನಿ. ಅಕ್ಕೋರು ಆಗಲೇ ತುಂಬಿಸ್ಯಾರ."

ಮ್ಯಾನೇಜರ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮನೆಗೆ ಫೋನ್ ಹಚ್ಚಿ ಕಿರುಚಿದ.

"ಆ ಡ್ರಮ್ಮಿನ ನೀರು ಮುಟ್ಟಬ್ಯಾಡ! ಕೂಸಿಗಿ ಕುಡಿಸಿದೇನು? ವಿಷ ಅದ, ವಿಷ! ಯಾವ ಡ್ರಮ್ ಅಂದ್ರ? ಬಂದೇ ಇಲ್ಲಾ?"

ಫೋನ್ ಕೆಳಗಿಳಿಸಿ ಮಾಪಣ್ಣನನ್ನು ನೋಡಿದ.

ಮಾಪಣ್ಣ ಹಾಳೆಯನ್ನು ಮೇಜಿನ ಮೇಲಿಟ್ಟ.

"ನನಗ ಇಂಗ್ಲಿಷ್ ಬರಂಗಿಲ್ರಿ ಸರ. ನಿಮ್ಮ ಬಾಯಿಂದನ ಕನ್ನಡದಾಗ ಕೇಳಬೇಕಿತ್ತು."