ಬಾಗಿಲಿಗಿಟ್ಟ ಕಲ್ಲು

ಅನುಜಾ ಬಾಗಿಲು ತೆರೆದಾಗ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಅಪ್ಪಾಸಾಹೇಬರ ಒಂದು ಕೈಯಲ್ಲಿ ಅವಳ ಹಳೆಯ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಒಂದು ಗುಂಡುಕಲ್ಲು.

“ಏನವಾ ಇದು? ಮೊನ್ನೆ ಫೈರ್ ಡೋರಿಗೆ ಚಪ್ಪಲಿ ಸಿಗಿಸಿದ್ದಿ, ತಗದೆ. ಇವತ್ತ ಕಲ್ಲ ಇಟ್ಟಿ. ನಾಳೆ ಕಪಾಟ ತಂದ ಇಡ್ತಿ ಏನು?” ನಿಪ್ಪಾಣಿಯವರಾದ ಅವರಿಗೆ ಅವಳನ್ನು ಕನ್ನಡದಲ್ಲಿ ಗದರುವುದೇ ಒಂದು ಸುಖ.

ಅನುಜಾ ಅಳುತ್ತಿದ್ದ ಕೂಸು ಅಪ್ಪಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಎರಡು ಮನೆಗಳ ನಡುವಿನ ಕಾರಿಡಾರಿನಲ್ಲಿ ಹೊಸದಾಗಿ ಕೂಡಿಸಿದ ಆ ದಪ್ಪ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಅದು ಬಂದ ಮೇಲೆ, ಆಚೆ ಒಬ್ಬರೇ ಇರುವ ಮುಕ್ತಾಬಾಯಿಯವರ ಹೊಲಿಗೆ ಯಂತ್ರದ ಸದ್ದು ಇತ್ತ ಬರುವುದು ನಿಂತುಹೋಗಿತ್ತು. ಅಪ್ಪಿ ನಿದ್ದೆಹೋಗುತ್ತಿದ್ದುದು ಆ ಸದ್ದಿಗೆ. ಗಂಡ ಶಿವರಾಜ ಕಂಪನಿಗೆ ಹೋದ ಮೇಲೆ ಸಂಜೆಯ ತನಕ ಅನುಜಾಳಿಗೂ ಅದೊಂದೇ ಜೊತೆ. ಪುಣೆಯ ಕೋಥರೂಡಕ್ಕೆ ಬಂದು ನಾಲ್ಕು ತಿಂಗಳಾದರೂ ಅವಳ ನಾಲಗೆಗೆ ಮರಾಠಿ ಹತ್ತಿರಲಿಲ್ಲ. ಮುಕ್ತಾಬಾಯಿಗೆ ಕನ್ನಡ ಬಾರದು. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ನಕ್ಕು, ಮಹಡಿಯ ಅಂಕಿ ನೋಡುತ್ತ ನಿಲ್ಲುತ್ತಿದ್ದರು.

“ಮಷೀನಿನ ಸಪ್ಪಳ ಕೇಳಿದ್ರ ಕೂಸು ಮಲಗತಿತ್ರೀ ಕಾಕಾ...”

“ಬೆಂಕಿ ಹತ್ತಿದ್ರ ಮೊದಲ ಬರೂದು ಹೊಗಿ, ತಂಗಿ. ನೀ ಇದನ್ನ ಎತಗೊಂಡು ಐದು ಮಜಲಾ ಇಳೀಬೇಕು. ಅಲ್ಲೀತನಾ ಆ ಹೊಗಿ ತಡಿಯೂದು ಈ ಬಾಗಲಾನ. ಕೂಸಿನ ಎದಿ ಎಷ್ಟ ಇರ್ತದ, ಹೇಳು?”

ಅನುಜಾ ಅಪ್ಪಿಯ ಬೆನ್ನಿನ ಮೇಲೆ ಕೈಯಿಟ್ಟಳು. ಅಂಗೈಯಷ್ಟೇ ಅಗಲದ ಬೆನ್ನು.

“ಇನ್ನ ಇಡಂಗಿಲ್ರೀ,” ಎಂದಳು. “ಆದ್ರ ಆ ಕಲ್ಲು ನಂದಲ್ರಿ.”

“ಮತ್ತ್ಯಾರದು? ಈ ಕಡೆ ಇರೂದ ಎರಡ ಮನಿ!” ಕಲ್ಲನ್ನೂ ಚಪ್ಪಲಿಯನ್ನೂ ಹೊಸ್ತಿಲ ಬಳಿ ಇಟ್ಟು ಅವರು ಮೆಟ್ಟಿಲಿಳಿದು ಹೋದರು.

ಕಲ್ಲನ್ನು ಎತ್ತಿಕೊಂಡರೆ ಶೇಂಗಾ ಚಟ್ನಿಯ ವಾಸನೆ. ಸಂದಿಯಲ್ಲಿ ಒಣಮೆಣಸಿನಕಾಯಿಯ ಕೆಂಪು ಇನ್ನೂ ಉಳಿದಿತ್ತು. ಅನುಜಾಳ ಮನೆಯಲ್ಲಿ ಅರೆಯುವ ಕಲ್ಲಿಲ್ಲ, ಇರುವುದು ಮಿಕ್ಸರ್. ಹಾಗಾದರೆ ಮುಕ್ತಾಬಾಯಿ ಬಾಗಿಲು ತೆರೆದಿಟ್ಟು ಕೇಳುತ್ತಿದ್ದುದೇನು? ಈ ಮನೆಯಿಂದ ಹೊರಡುವ ಸದ್ದು ಒಂದೇ, ಅಪ್ಪಿಯ ಅಳು.

ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಕೂಸು. ಅನುಜಾ ಭಾರವಾದ ಬಾಗಿಲನ್ನು ಬೆನ್ನಿನಿಂದ ದೂಡಿ ಆಚೆ ಹೋದಳು. ಹಿಂದೆ ಅದು ತಾನೇ ಮುಚ್ಚಿಕೊಂಡಿತು. ಅಪ್ಪಿ ಮತ್ತೊಮ್ಮೆ ದನಿ ತೆಗೆಯಿತು.

ಅವಳಿನ್ನೂ ಗಂಟೆ ಒತ್ತಿರಲಿಲ್ಲ. ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.