ಎಡಕ್ಕೆ ತೆರೆಯುವ ಕವರು

ಹಾಡುಗಾರ ಕವರಿನ ಬಲ ಅಂಚಿಗೆ ಉಗುರು ತೂರಿಸಿ ನೋಡಿದ. ತೆರೆಯಲಿಲ್ಲ. ಮೇಲೆ ತಡವಿದ, ಕೆಳಗೆ ತಡವಿದ. ಕೊನೆಗೆ ಎಡಗಡೆ ಬಾಯಿ ಸಿಕ್ಕಿತು. ಕೈಯಲ್ಲಿದ್ದ ಕಪ್ಪು ರೆಕಾರ್ಡನ್ನೂ ಗೋಡೆಯುದ್ದಕ್ಕೂ ಪೇರಿಸಿದ್ದ ನಾನ್ನೂರು ಕವರುಗಳನ್ನೂ ಒಮ್ಮೆ ನೋಡಿ, "ಇದೇನಿದು, ಉಲ್ಟಾ ತೆರೆಯುತ್ತೆ?" ಎಂದ.

ಕವರಿನ ವಿನ್ಯಾಸ ಮಾಡಿದ್ದ ತಂಗಿ ತಲೆ ಎತ್ತಿದಳು. ಅಂಟಿನ ಬ್ರಶ್ಶು ಹಿಡಿದಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಮಾತ್ರೆ ಡಬ್ಬಿ, ಚಪ್ಪಲಿ ಡಬ್ಬಿ ಅಂಟಿಸುವ ಅಕ್ಕನ ಶೆಡ್ಡಿಗೆ ರಾಕ್ ತಂಡದ ಕೆಲಸ ಬಂದದ್ದು ಇದೇ ಮೊದಲು. ತಂಗಿಯ ಹೆಸರು ಅಚ್ಚಾದದ್ದೂ ಇದೇ ಮೊದಲು, ಕವರಿನ ಹಿಂಬದಿಯ ಮೂಲೆಯಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ.

ಬಣ್ಣವನ್ನು ಮೂರು ಸಲ ನೋಡಿದ್ದಳು. ಹಾಡುಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಓದಿ ತಾಳೆ ಹಾಕಿದ್ದಳು, ಸಂಜೆಯ ಡಿಸೈನ್ ಕ್ಲಾಸಿನಲ್ಲಿ ಕಲಿಸಿದ ಹಾಗೆ. ಮನೆಯಲ್ಲಿ ತಾನೇ ಮಾಡಿದ ರಟ್ಟಿನ ಮಾದರಿಯನ್ನು ನೂರು ಸಲ ತೆರೆದು ಮುಚ್ಚಿದ್ದಳು. ಎಡಗೈಯಿಂದ. ಚಿಕ್ಕಂದಿನಲ್ಲಿ ಅಕ್ಕ ತನ್ನ ಜಡೆಯ ರಿಬ್ಬನ್ನು ಬಿಚ್ಚಿ ಅದರಿಂದ ಈ ಕೈಯನ್ನು ಕಿಟಕಿಯ ಸರಳಿಗೆ ಕಟ್ಟಿಹಾಕಿ, ಬಲಗೈಯಲ್ಲಿ ಬರಿ ಎಂದು ಕೂರಿಸುತ್ತಿದ್ದಳಲ್ಲ, ಅದೇ ಎಡಗೈಯಿಂದ. ಆ ಕೈಗೆ ಮಾದರಿ ಸಲೀಸಾಗಿ ತೆರೆದುಕೊಂಡಿತ್ತು. ಆಮೇಲೆ ಅದು ವಾರವಿಡೀ ತಂಡದವರ ಬಳಿಯೂ ಇತ್ತು. ನಾಲ್ವರೂ ಚಿತ್ರ ನೋಡಿ ಹೂಂ ಎಂದಿದ್ದರು. ಒಬ್ಬರೂ ರೆಕಾರ್ಡು ಹಾಕಿ ನೋಡಿರಲಿಲ್ಲ.

"ಮಾದರಿ ಹೇಗಿತ್ತೋ ಹಾಗೇ ಅಂಟಿಸಿದ್ದೀನಪ್ಪಾ," ಎಂದಳು ಅಕ್ಕ. "ಮಾತ್ರೆ ಡಬ್ಬಿ ಆಗಿದ್ರೆ ಕೇಳ್ತಿದ್ದೆ. ನಿಮ್ಮ ಹಾಡು ಒಂದ್ಸಲ ಕೇಳಿದ್ನಲ್ಲ, ಇವರದ್ದೆಲ್ಲಾ ತಿರುಗಾಮುರುಗಾನೇ ಇರಬೇಕು ಅಂತ ಸುಮ್ಮನಾದೆ."

ಹಾಡುಗಾರ ನಗಲಿಲ್ಲ. ಅಕ್ಕ ತಂಗಿಗೆ ಕಣ್ಸನ್ನೆ ಮಾಡಿದಳು. "ಬೇಕಂತ್ಲೇ ಮಾಡಿರೋದು ಅದು. ಹೊಸ ಥರ. ಅಲ್ವೇನೇ?"

"ಹೌದಾ?" ಹಾಡುಗಾರನ ಮುಖ ಅರಳಿತು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಂಗಿಯ ಬಾಯಿಂದ ಹೊರಬಿದ್ದ ದನಿ ಅವಳಿಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿತ್ತು. "ಇಲ್ಲ. ತಪ್ಪಾಗಿದೆ, ನನ್ನಿಂದ. ನಾನು ಎಡಚಿ, ನನ್ನ ಕೈಗೆ ಸರಿಹೋಗೋ ಹಾಗೆ ಮಾಡಿಬಿಟ್ಟೆ. ನೀವು ಬೇಡ ಅಂದ್ರೆ ಅಷ್ಟನ್ನೂ ಮತ್ತೆ ಮಾಡಿಸೋದು ನನ್ನ ಜವಾಬ್ದಾರಿ. ಆದ್ರೆ ಬೇಡ ಅನ್ನೋಕ್ಕೆ ಮುಂಚೆ ಒಂದ್ಸಲ ರೆಕಾರ್ಡು ಹಾಕಿ, ತೆಗೆದು ನೋಡಿ."

ಹಾಡುಗಾರ ರೆಕಾರ್ಡು ಒಳಗೆ ತಳ್ಳಿದ. ತೆಗೆಯುವಾಗ ರೂಢಿಯಂತೆ ಬಲಗೈ ಮುಂದೆ ಬಂತು. ಕೈ ಬದಲಿಸಿದ. ರೆಕಾರ್ಡು ಸರ್ರನೆ ಜಾರಿತು; ಮೊಣಕಾಲು ಕೊಟ್ಟು ತಡೆದ. "ಅಯ್ಯೋ, ಈ ಕೈ ನಂದೇ ಅಲ್ವೇನೋ ಅನ್ನಿಸ್ತಿದೆ!"

ಎರಡನೇ ಸಲ ನಿಧಾನವಾಗಿ ಎಳೆದ. ಕವರಿನ ತುಂಬ ಬರೀ ಹಳದಿ. ಎಡ ಅಂಚಿಗೆ ಒತ್ತಿಕೊಂಡಂತೆ ಒಂದೇ ಒಂದು ಖಾಲಿ ಕುರ್ಚಿ. ಅದರ ಹಿಂದಿನಿಂದ ಕಪ್ಪು ತಟ್ಟೆ ಹೊರಗೆ ಬಂತು, ಅಷ್ಟು ಹೊತ್ತು ಕೂತಿದ್ದವರು ಯಾರೋ ಎದ್ದು ಹೊರಟಂತೆ.

"ಈ ಕುರ್ಚಿ..."

"ನಮ್ಮ ಸಂಜೆ ಕ್ಲಾಸಿಂದು. ಬರೆಯೋ ಹಲಗೆ ಬಲಕ್ಕಿದೆ ನೋಡಿ. ಎರಡು ವರ್ಷ ಸೊಂಟ ತಿರುಚಿಕೊಂಡು ಅದ್ರಲ್ಲಿ ಕೂತು ಕಲಿತಿದ್ದೀನಿ."

ಹಾಡುಗಾರ ಹಲಗೆಯ ಮೇಲೆ ಬೆರಳಾಡಿಸಿದ. "ನಮಗೆ ಎಲ್ಲೂ ಜಾಗ ಇಲ್ಲ ಅಂತ ಹತ್ತು ಹಾಡು ಕಿರುಚಿದ್ದೀವಿ," ಎಂದ. "ಕೂರೋಕ್ಕೆ ಕುರ್ಚಿ ಮಾತ್ರ ನಮಗೆ ಯಾವತ್ತೂ ಸರಿಯಾಗೇ ಇತ್ತು." ಕವರುಗಳ ಒಂದು ಕಟ್ಟನ್ನು ಎತ್ತಿ ಹೆಗಲಿಗೇರಿಸಿಕೊಂಡ. "ಹೀಗೇ ಇರ್ಲಿ. ನಿಮ್ಮ ಹೆಸರು ಕಾಣೋದೇ ಇಲ್ವಲ್ರೀ, ಮುಂದಿನ ಸಲ ಸ್ವಲ್ಪ ದೊಡ್ಡದಾಗಿ ಹಾಕ್ಕೊಳ್ಳಿ."

ಮುಂದಿನ ಸಲ. ಬಾಗಿಲ ತನಕ ಹೋಗಿ ಅವನನ್ನು ಕಳಿಸಿ, ಆ ಎರಡು ಪದಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ತಾಳೆ ಹಾಕುತ್ತಾ ತಂಗಿ ಒಳಗೆ ಬಂದಳು.

ಅಕ್ಕ ಡಬ್ಬಿಗಳ ನಡುವೆ ನೆಲದ ಮೇಲೆ ಕೂತಿದ್ದಳು. ಹಾಡುಗಾರ ಬಿಟ್ಟುಹೋದ ರೆಕಾರ್ಡು ಕವರಿನೊಳಗೆ ಸೇರಿ ಅವಳ ಮಡಿಲಲ್ಲಿತ್ತು. ಎಡಗೈಯಲ್ಲಿ ಎಳೆಯುತ್ತಿದ್ದಳು. ರೆಕಾರ್ಡು ಜಾರುತ್ತಿತ್ತು. ಮತ್ತೆ ತಳ್ಳಿ ಮತ್ತೆ ಎಳೆಯುತ್ತಿದ್ದಳು.

"ನಗಬೇಡ ಕಣೇ," ಎಂದಳು, ತಲೆ ಎತ್ತದೆ. "ಈ ಬಲಗೈ ಸುಮ್ಮನಿರ್ತಿಲ್ಲ, ತಾನಾಗೇ ಮುಂದೆ ಬರುತ್ತೆ. ಒಂದು ರಿಬ್ಬನ್ ಇದ್ರೆ ಕೊಡು."